ಫಾರ್ಮಸಿ ವಿದ್ಯಾರ್ಥಿಗಳಿಗೆ ವ್ಯಾಯಾಮದ ಬಗ್ಗೆ ಪೇಷಂಟ್ ಜೊತೆ ಮಾತಾಡೋದನ್ನ ಹೇಗೆ ಕಲಿಸ್ತೀರಿ?

ಔಷಧಪಾಠ:
ಎಲ್ರಿಗೂ ನಮಸ್ಕಾರ. ನಾನು ಕ್ಲಿನಿಕಲ್ ಫಾರ್ಮಸಿ ಪಾಠ ಮಾಡೋಳು. ಪೇಷಂಟ್ ಕೌನ್ಸೆಲಿಂಗ್ ಪ್ರಾಕ್ಟಿಕಲ್‌ನಲ್ಲಿ ದೈಹಿಕ ಚಟುವಟಿಕೆ ಬಗ್ಗೆ ಸರಿಯಾಗಿ ಒಂದು ಭಾಗ ಸೇರಿಸ್ಬೇಕು ಅಂತ ಕೂತಿದೀನಿ, ನಿಮ್ಮೆಲ್ಲರ ಅಭಿಪ್ರಾಯ ಬೇಕಿತ್ತು. ನಮ್ಮ ಹುಡುಗ್ರು ಇನ್ಹೇಲರ್ ಹೇಗೆ ಎಳ್ಕೋಬೇಕು ಅನ್ನೋದನ್ನ ಅಚ್ಚುಕಟ್ಟಾಗಿ ತೋರಿಸ್ತಾರೆ, ಇನ್ಸುಲಿನ್ ಪೆನ್ ಕೈಗೆ ಕೊಟ್ರೆ ಒಂದು ಹೆಜ್ಜೆನೂ ಬಿಡದೆ ಹೇಳ್ತಾರೆ, ಆದ್ರೆ ವ್ಯಾಯಾಮದ ವಿಷಯ ಬಂತು ಅಂದ್ರೆ ಪೇಷಂಟ್ ಔಷಧಿ ಎತ್ಕೊಂಡು ಹೊರಡೋ ಹೊತ್ತಿಗೆ "ದಿನಾ ವಾಕಿಂಗ್ ಮಾಡಿ, ಒಳ್ಳೇದು" ಅಂತ ಒಂದು ಸಾಲು ಹೇಳಿ ಮುಗಿಸ್ತಾರೆ. ಪರೀಕ್ಷೇಲಿ ಕೇಳಿದ್ರೆ ವಾರಕ್ಕೆ 150 ನಿಮಿಷ ಅಂತ ಎಲ್ರೂ ಸರಿಯಾಗೇ ಬರೀತಾರೆ. ಗೊತ್ತಿಲ್ಲ ಅಂತಲ್ಲ, ಗೊತ್ತಿರೋದನ್ನ ಎದುರಿಗಿರೋ ಮನುಷ್ಯನ ಜೊತೆ ಮಾತಾಡೋಕೆ ಬರಲ್ಲ.

ನನಗೆ ಅನ್ಸೋದು ಏನಂದ್ರೆ, ಇದನ್ನ ಬೇರೆ ಅಧ್ಯಾಯ ಮಾಡಿ ಸ್ಲೈಡ್ ಹಾಕಿ ಕಲಿಸಿದ್ರೆ ಹೀಗೇ ಆಗೋದು. ವಿದ್ಯಾರ್ಥಿಗೆ ಧೈರ್ಯವಾಗಿ ಮಾತಾಡೋಕೆ ಬರೋದು ಔಷಧಿ ಬಗ್ಗೆ, ಅವನ ಕೈಯಲ್ಲಿ ಪ್ರಿಸ್ಕ್ರಿಪ್ಷನ್ ಇರತ್ತೆ, ಹಾಗಿದ್ಮೇಲೆ ವ್ಯಾಯಾಮದ ಮಾತು ಆ ಪ್ರಿಸ್ಕ್ರಿಪ್ಷನ್‌ನಿಂದಲೇ ಹುಟ್ಟಬೇಕು. ನೀವು ಯಾರಾದ್ರೂ ಹಾಗೆ ಕಲಿಸಿದ್ದೀರಾ? ಕಲಿತಿದ್ದೀರಾ? ಎಲ್ಲಿ ಕಷ್ಟ ಆಯ್ತು?

ಕೌಂಟರ್‌ಹಿಂದೆ:
ಮೇಡಂ, ಒಳ್ಳೇ ವಿಷಯ ಎತ್ತಿದ್ರಿ. ಆದ್ರೆ ಮೊದಲು ಸಮಯದ ಲೆಕ್ಕ ನೋಡಿ. ಕಾಲೇಜಲ್ಲಿ ಕೌನ್ಸೆಲಿಂಗ್ ಅಂದ್ರೆ ಕುರ್ಚಿ ಹಾಕ್ಕೊಂಡು ಇಪ್ಪತ್ತು ನಿಮಿಷ ಮಾತಾಡೋದು ಅಂತ ಕಲಿಸ್ತೀರಿ, ಹುಡುಗ್ರು ಕೆಲಸಕ್ಕೆ ಬಂದ ಮೊದಲ ವಾರದಲ್ಲೇ ಅದನ್ನ ಪೂರ್ತಿ ಕೈಬಿಡ್ತಾರೆ, ಯಾಕಂದ್ರೆ ಪೇಷಂಟ್ ನಿಂತ್ಕೊಂಡಿರ್ತಾರೆ, ಅವರ ಹಿಂದೆ ಇನ್ನೂ ನಾಲ್ಕು ಜನ ಇರ್ತಾರೆ, ಫೋನ್ ಬೇರೆ ಹೊಡ್ಕೊಳ್ತಿರತ್ತೆ. ದಯವಿಟ್ಟು ಮೂರು ನಿಮಿಷದಲ್ಲಿ ಏನು ಮಾಡ್ಬಹುದು ಅನ್ನೋದನ್ನೇ ಕಲಿಸಿ, ಮೂರು ನಿಮಿಷದ್ದು ಬಂದ್ರೆ ಇಪ್ಪತ್ತು ನಿಮಿಷದ್ದು ತಾನಾಗೇ ಬರತ್ತೆ, ಉಲ್ಟಾ ಆಗಲ್ಲ.

ಇನ್ನೊಂದು, ನಮ್ಮ ಹತ್ರ ಡಾಕ್ಟ್ರಿಗೂ ಇಲ್ದಿರೋ ಅನುಕೂಲ ಒಂದಿದೆ, ಅದೇ ಮನುಷ್ಯ ತಿಂಗಳು ಬಿಟ್ಟು ಮಾತ್ರೆಗೆ ಮತ್ತೆ ಬಂದೇ ಬರ್ತಾರೆ. ಎಲ್ಲಾನೂ ಒಂದೇ ಸಲಕ್ಕೆ ಹೇಳೋ ಅಗತ್ಯನೇ ಇಲ್ಲ. ಈ ಸಲ ಒಂದು ಪ್ರಶ್ನೆ, ಮುಂದಿನ ಸಲ "ಹೋದ್ಸಲ ಹೇಳಿದ್ರಲ್ಲ, ಹೇಗಾಯ್ತು?" ಅಂತ ಇನ್ನೊಂದು.

ಔಷಧಪಾಠ:
ಮೂರು ನಿಮಿಷ ಅನ್ನೋದನ್ನ ಒಪ್ಪಿದೆ ಸರ್. ಹಾಗಿದ್ರೆ ಶುರು ಮಾಡೋಕೆ ಎರಡು ಪ್ರಶ್ನೆ ಸಾಕು. ವಾರದಲ್ಲಿ ಎಷ್ಟು ದಿನ ಜೋರಾಗಿ ನಡೆಯೋದೋ ಅದಕ್ಕಿಂತ ಹೆಚ್ಚಿನ ಶ್ರಮದ್ದೋ ಮಾಡ್ತೀರಿ, ಮಾಡಿದ ದಿನ ಎಷ್ಟು ನಿಮಿಷ. ಎರಡನ್ನೂ ಗುಣಿಸಿದ್ರೆ ವಾರದ ನಿಮಿಷ ಬಂತು. ಅಮೆರಿಕದ ಕೈಸರ್ ಪರ್ಮನೆಂಟೆ ಆಸ್ಪತ್ರೆಗಳಲ್ಲಿ 2009ರಿಂದ ಬಿಪಿ, ನಾಡಿ ಬರೆಯೋ ಜಾಗದಲ್ಲೇ ಇದನ್ನೂ ಕೇಳಿ ಬರ್ಕೊಳ್ಳೋ ಪದ್ಧತಿ ತಂದ್ರು. ವಿದ್ಯಾರ್ಥಿಗಳಿಗೆ ಇದು ಹಿಡಿಸತ್ತೆ, ಯಾಕಂದ್ರೆ ಉತ್ತರ ಒಂದು ಸಂಖ್ಯೆ, ಬರ್ಕೋಬಹುದು, ಮುಂದಿನ ಸಲಕ್ಕೆ ಹೋಲಿಸಿ ನೋಡ್ಬಹುದು.

ಆದ್ರೆ ಇಲ್ಲೇ ಇನ್ನೊಂದು ತೊಂದ್ರೆ. ಪೇಷಂಟ್ 3 ದಿನ, 20 ನಿಮಿಷ ಅಂದ್ರು ಅಂತಿಟ್ಕೊಳ್ಳಿ, 60 ಆಯ್ತು. ನಮ್ಮ ಹುಡುಗ್ರ ಬಾಯಿಂದ ಮುಂದಿನ ಮಾತು "150 ಆಗ್ಬೇಕಿತ್ತು, ಕಡಿಮೆ ಆಯ್ತು". ಎದುರಿನವರ ಮುಖ ಅಲ್ಲೇ ಬಾಡಿಹೋಗತ್ತೆ. 60 ನಿಮಿಷ ಈಗಾಗ್ಲೇ ಮಾಡ್ತಿದ್ದಾರೆ ಅನ್ನೋದನ್ನ ಗುರುತಿಸಿ ಹೇಳೋಕೆ ಯಾರಿಗೂ ತೋಚಲ್ಲ.

ಕೊನೇವರ್ಷ:
ನಾನು ವಿದ್ಯಾರ್ಥಿ, ನಮ್ಮ ಕಡೆಯಿಂದ ಹೇಳ್ತೀನಿ ಮೇಡಂ. ನಾವು ಆ ಒಂದು ಸಾಲಲ್ಲಿ ಮುಗಿಸೋದು ಸೋಮಾರಿತನಕ್ಕಲ್ಲ, ಭಯಕ್ಕೆ. ಹಾರ್ಟ್ ಮಾತ್ರೆ ತಗೊಳ್ಳೋರಿಗೆ ನಡೀರಿ ಅಂತ ನಾನು ಹೇಳಿ ಅವರಿಗೆ ದಾರೀಲಿ ಏನಾದ್ರೂ ಆದ್ರೆ? ಔಷಧಿದಾದ್ರೆ ಡೋಸ್ ಇದೆ, ಪುಸ್ತಕ ಇದೆ, ತಪ್ಪು ಸರಿ ಗೊತ್ತಾಗತ್ತೆ. ಇದಕ್ಕೆ ಎಲ್ಲಿ ನಿಲ್ಲಿಸ್ಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ. ಇನ್ನೊಂದು ಮುಜುಗರ ಅಂದ್ರೆ ದಪ್ಪ ಇರೋರ ಹತ್ರ ಈ ಮಾತು ತೆಗೆದ್ರೆ ಅವರ ಮೈ ಬಗ್ಗೆ ಮಾತಾಡಿದ ಹಾಗೆ ಆಗತ್ತಲ್ಲ, ಅವರು ಬೇಜಾರು ಮಾಡ್ಕೊಂಡ್ರೆ ಅಂತ. ನನ್ನ ವಯಸ್ಸಿನ ಹುಡುಗಿ, ತಾಯಿ ವಯಸ್ಸಿನೋರಿಗೆ ಬುದ್ಧಿ ಹೇಳಿದ ಹಾಗೆ ಕಾಣತ್ತೆ.

ಫಿಸಿಯೋ:
ಮೊದಲನೇ ಭಯಕ್ಕೆ ನಾನು ಉತ್ತರ ಕೊಡ್ತೀನಮ್ಮ. ವ್ಯಾಯಾಮಕ್ಕೂ ಡೋಸ್ ಇದೆ. ವಾರಕ್ಕೆ ಎಷ್ಟು ಸಲ, ಎಷ್ಟು ಜೋರಾಗಿ, ಎಷ್ಟು ಹೊತ್ತು, ಯಾವ ಥರದ್ದು, ಈ ನಾಲ್ಕು ಹೇಳಿದ್ರೆ ಅದೇ ಪ್ರಿಸ್ಕ್ರಿಪ್ಷನ್. ಜೋರು ಅಂದ್ರೆ ಎಷ್ಟು ಅಂತ ಅಳೆಯೋಕೆ ಯಂತ್ರ ಬೇಡ, ನಡೀತಾ ಮಾತಾಡೋಕೆ ಆಗ್ಬೇಕು ಆದ್ರೆ ಹಾಡೋಕೆ ಆಗ್ಬಾರದು, ಅದು ಮಧ್ಯಮ. ನಾಲ್ಕು ಮಾತಾಡೋಷ್ಟರಲ್ಲಿ ಉಸಿರು ತಗೋಬೇಕು ಅನ್ಸಿದ್ರೆ ಅದು ತೀವ್ರ. ಇಷ್ಟು ಹೇಳಿದ್ರೆ ಪೇಷಂಟ್‌ಗೂ ಮನೇಲಿ ತಾವೇ ನೋಡ್ಕೊಳ್ಳೋಕೆ ಬರತ್ತೆ.

ಎಲ್ಲಿ ನಿಲ್ಲಿಸ್ಬೇಕು ಅನ್ನೋದಕ್ಕೆ: ಶ್ರಮ ಪಟ್ಟಾಗ ಎದೆ ನೋವು ಅಥವಾ ಬಿಗಿತ, ತಲೆ ಸುತ್ತಿ ಬಿದ್ದಿದ್ದು, ಸುಮ್ನೆ ಕೂತಾಗ್ಲೂ ಉಸಿರು ಕಟ್ಟೋದು, ಎದೆ ಬಡಿತ ತಾಳ ತಪ್ಪೋದು, ಕಾಲು ಹೊಸದಾಗಿ ಊದ್ಕೊಂಡಿರೋದು, ಇತ್ತೀಚೆಗೆ ಹಾರ್ಟ್ ಅಟ್ಯಾಕೋ ಆಪರೇಷನ್ನೋ ಆಗಿರೋದು. ಇದರಲ್ಲಿ ಒಂದು ಇದ್ರೂ ಸಲಹೆ ಕೊಡ್ಬೇಡಿ, ಡಾಕ್ಟ್ರ ಹತ್ರ ಕಳಿಸಿ, ಎದೆ ನೋವು ಆಗ್ತಾನೇ ಇದ್ರೆ ತಕ್ಷಣ ಕಳಿಸಿ. ಇಂಥದ್ದೇನೂ ಇಲ್ಲ, ಆ ಮನುಷ್ಯ ಈಗ ನಡೀತಿರೋದಕ್ಕಿಂತ ದಿನಕ್ಕೆ ಐದು ನಿಮಿಷ ಹೆಚ್ಚು ನಡೀಲಿ ಅಂತ ಹೇಳೋದ್ರಲ್ಲಿ ಅಪಾಯ ತುಂಬಾ ಕಡಿಮೆ. ಕೂತಲ್ಲೇ ಕೂರೋದು ಅದಕ್ಕಿಂತ ಎಷ್ಟೋ ಪಾಲು ಅಪಾಯ, ಅದನ್ನ ಮಾತ್ರ ಯಾರೂ ಅಪಾಯ ಅಂತ ಎಣಿಸಲ್ಲ. ಕೀಲು ನೋವಿಗೆ ಯಾವ ವ್ಯಾಯಾಮ, ಬೆನ್ನಿಗೆ ಯಾವುದು ಅಂತ ಹೇಳೋಕೆ ಹೋಗ್ಬೇಡಿ, ಅದು ನಮ್ಮ ಕೆಲಸ, ನಮ್ಮ ಹತ್ರ ಕಳಿಸಿ.

ಕೊನೇವರ್ಷ:
ಥ್ಯಾಂಕ್ಸ್ ಸರ್, ಇಷ್ಟು ಸ್ಪಷ್ಟವಾಗಿ ನಮಗೆ ಕ್ಲಾಸಲ್ಲಿ ಹೇಳಿದ್ರೆ ಸಾಕಿತ್ತು.

ರಿಸೆಪ್ಟರ್:
ನಾನು ಫಾರ್ಮಕಾಲಜಿ ಕಡೆಯವನು. ಮೇಡಂ ಹೇಳಿದ ಪ್ರಿಸ್ಕ್ರಿಪ್ಷನ್‌ನಿಂದ ಮಾತು ಹುಟ್ಟಬೇಕು ಅನ್ನೋದು ನನಗೆ ತುಂಬಾ ಇಷ್ಟ ಆಯ್ತು, ಯಾಕಂದ್ರೆ ಇದೊಂದು ಜಾಗದಲ್ಲಿ ಫಾರ್ಮಸಿಸ್ಟ್ ಹೇಳೋದನ್ನ ಬೇರೆ ಯಾರೂ ಅಷ್ಟು ಚೆನ್ನಾಗಿ ಹೇಳಲ್ಲ. ಸ್ವಲ್ಪ ಉದ್ದ ಬರೀತೀನಿ, ಕ್ಷಮಿಸಿ.

ಬೀಟಾ ಬ್ಲಾಕರ್, ಅಂದ್ರೆ ನಾಡಿ ನಿಧಾನ ಮಾಡೋ ಬಿಪಿ, ಹಾರ್ಟ್ ಮಾತ್ರೆ, ತಗೊಳ್ಳೋರನ್ನ ನೋಡಿ, ಮೆಟೊಪ್ರೊಲಾಲ್, ಅಟೆನೊಲಾಲ್ ಎಲ್ಲಾ. ಶ್ರಮ ಪಟ್ರೂ ಅವರ ನಾಡಿ ಬೇರೆಯವರಷ್ಟು ಏರಲ್ಲ. ಅವರು ವಾಚ್ ನೋಡ್ಕೊಂಡು "220ರಲ್ಲಿ ವಯಸ್ಸು ಕಳೀರಿ" ಅನ್ನೋ ಗರಿಷ್ಠ ನಾಡಿಯ ಲೆಕ್ಕ ಹಿಡಿದ್ರೆ, ಆ ಸಂಖ್ಯೆ ಮುಟ್ಟೋಕೆ ಸುಸ್ತಾಗೋ ಹಾಗೆ ಓಡ್ತಾರೆ. ಅವರಿಗೆ ಫಿಸಿಯೋ ಸರ್ ಹೇಳಿದ ಮಾತಾಡೋ ಪರೀಕ್ಷೆನೇ ಸರಿ. ಅದೇ ಮನುಷ್ಯನಿಗೆ ಸಕ್ಕರೆ ಕಾಯಿಲೆ ಇದ್ದು ಇನ್ಸುಲಿನ್ನೋ, ಗ್ಲಿಮಿಪಿರೈಡ್ ಥರದ ಇನ್ಸುಲಿನ್ ಹೆಚ್ಚು ಬಿಡಿಸೋ ಮಾತ್ರೆನೋ ಇದ್ರೆ ಇನ್ನೊಂದು ವಿಷಯ ಸೇರ್ಕೊಳ್ಳತ್ತೆ, ಶುಗರ್ ಇಳಿದಾಗ ಬರೋ ನಡುಕ, ಎದೆ ಡವಡವ ಇವನ್ನ ಬೀಟಾ ಬ್ಲಾಕರ್ ಮುಚ್ಚಿಹಾಕತ್ತೆ, ಬೆವರು ಮಾತ್ರ ಬರತ್ತೆ. ಆದ್ರಿಂದ ಅಷ್ಟೇನೂ ಶ್ರಮ ಇಲ್ದೆ ಮೈಯೆಲ್ಲಾ ಬೆವರಿದ್ರೆ ನಿಂತು ಶುಗರ್ ನೋಡ್ಕೊಳ್ಳಿ ಅಂತ ಹೇಳ್ಬೇಕು. ಇದನ್ನ ಹೇಳೋರು ಯಾರು?

ಸ್ನಾಯು ದುಡಿಯುವಾಗ ಇನ್ಸುಲಿನ್ ಇಲ್ದೇನೂ ರಕ್ತದಿಂದ ಗ್ಲೂಕೋಸ್ ಎಳ್ಕೊಳ್ಳತ್ತೆ, ಆಮೇಲೂ ಒಂದು ದಿನದ ತನಕ ಇನ್ಸುಲಿನ್ ಹೆಚ್ಚು ಕೆಲಸ ಮಾಡತ್ತೆ, ಅದಕ್ಕೇ ವ್ಯಾಯಾಮನ ಎರಡು ದಿನಕ್ಕಿಂತ ಜಾಸ್ತಿ ಸತತವಾಗಿ ಬಿಡ್ಬೇಡಿ ಅನ್ನೋದು, ಅದಕ್ಕೇ ಸಾಯಂಕಾಲ ಜಾಸ್ತಿ ಶ್ರಮ ಪಟ್ಟೋರಿಗೆ ರಾತ್ರಿ ಶುಗರ್ ಇಳಿಯೋದು. ಇನ್ಸುಲಿನ್ ಅಥವಾ ಆ ಥರದ ಮಾತ್ರೆ ತಗೊಳ್ಳೋರು ಹೊರಡೋ ಮುಂಚೆ ಶುಗರ್ 90ಕ್ಕಿಂತ ಕೆಳಗಿದ್ರೆ ಏನಾದ್ರೂ ತಿಂದು ಹೊರಡ್ಬೇಕು, ತೊಡೆಗೆ ಇನ್ಸುಲಿನ್ ಚುಚ್ಚಿ ತಕ್ಷಣ ನಡೆಯೋಕೆ ಹೋಗ್ಬಾರದು, ಅದು ಬೇಗ ರಕ್ತಕ್ಕೆ ಸೇರತ್ತೆ. ಆದ್ರೆ ಬರೀ ಮೆಟ್‌ಫಾರ್ಮಿನ್ ತಗೊಳ್ಳೋರಿಗೆ ಇಷ್ಟೆಲ್ಲಾ ಹೇಳಿ ಹೆದರಿಸ್ಬೇಡಿ, ಅದೊಂದರಿಂದಲೇ ಶುಗರ್ ಕುಸಿಯೋದು ಅಪರೂಪ. ಯಾರಿಗೆ ಹೇಳ್ಬೇಕು ಯಾರಿಗೆ ಹೇಳೋದು ಬೇಡ ಅನ್ನೋ ಈ ವ್ಯತ್ಯಾಸ ಮಾಡೋಕೆ ಬರೋದೇ ನಮ್ಮ ವಿದ್ಯೆ.

ಉಳಿದದ್ದು ಬೇಗ ಹೇಳ್ತೀನಿ. ನೀರಿನ ಮಾತ್ರೆ (ಮೂತ್ರ ಹೆಚ್ಚಿಸೋದು) ತಗೊಳ್ಳೋರಿಗೆ ಬಿಸಿಲಲ್ಲಿ ನಿರ್ಜಲೀಕರಣ, ಮಾನಸಿಕ ಕಾಯಿಲೆಗೆ ಲಿಥಿಯಂ ತಗೊಳ್ಳೋರು ತುಂಬಾ ಬೆವರಿದ್ರೆ ರಕ್ತದಲ್ಲಿ ಅದರ ಮಟ್ಟ ಏರತ್ತೆ. ಪ್ರಜೊಸಿನ್ ಥರದ ಬಿಪಿ ಮಾತ್ರೆ ಇದ್ರೆ ಓಡಿ ಬಂದು ಗಕ್ಕನೆ ನಿಲ್ಬಾರದು, ನಿಧಾನಕ್ಕೆ ಇಳಿಸ್ಕೊಂಡು ಬರ್ಬೇಕು, ಇಲ್ಲಾಂದ್ರೆ ಬಿಪಿ ಇಳಿದು ತಲೆ ಸುತ್ತತ್ತೆ. ವ್ಯಾಯಾಮದಿಂದ ಉಬ್ಬಸ ಬರೋರಿಗೆ ಸಾಲ್ಬುಟಮಾಲ್ ಇನ್ಹೇಲರ್ 15 ನಿಮಿಷ ಮುಂಚೆ, ಡಾಕ್ಟ್ರು ಹಾಗೆ ಬರೆದಿದ್ರೆ. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್ ಥರದ ಆ್ಯಂಟಿಬಯೋಟಿಕ್ ಕೋರ್ಸ್ ನಡೀತಿದ್ದಾಗ ಹೊಸದಾಗಿ ಓಟ ಶುರು ಮಾಡೋದು ಬೇಡ, ಹಿಮ್ಮಡಿ ಹಿಂದಿನ ಸ್ನಾಯುರಜ್ಜು ಹರಿಯೋ ಅಪಾಯ ಇದೆ, ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲೇ ಇದಕ್ಕೆ ಕಪ್ಪು ಚೌಕಟ್ಟಿನ ಎಚ್ಚರಿಕೆ, ಅಂದ್ರೆ ಔಷಧಿ ವಿವರದಲ್ಲಿ ಹಾಕೋ ಅತಿ ಗಂಭೀರ ಎಚ್ಚರಿಕೆ, ಹಾಕಿಸಿತು, ವಯಸ್ಸು 60 ದಾಟಿದೋರಿಗೆ, ಸ್ಟೀರಾಯ್ಡ್ ಜೊತೆ ತಗೊಳ್ಳೋರಿಗೆ ಇನ್ನೂ ಜಾಸ್ತಿ. ಕೊಲೆಸ್ಟ್ರಾಲ್ ಇಳಿಸೋ ಸ್ಟ್ಯಾಟಿನ್ ತಗೊಳ್ಳೋರು ವ್ಯಾಯಾಮ ಶುರು ಮಾಡಿ ಮೈಕೈ ನೋವು ಅಂದ್ರೆ ಎರಡರಲ್ಲಿ ಯಾವುದರಿಂದ ಅಂತ ವಿಚಾರಿಸ್ಬೇಕು, ಎರಡು ಮೂರು ದಿನದಲ್ಲಿ ಕಡಿಮೆ ಆಗೋ ನೋವಾದ್ರೆ ಹೊಸ ವ್ಯಾಯಾಮದ್ದು ಇರ್ಬಹುದು, ಕಡಿಮೆ ಆಗದೆ ಎರಡೂ ತೊಡೆ ಹಿಡ್ಕೊಂಡು ಶಕ್ತಿ ಇಲ್ದಂಗಾದ್ರೆ ಡಾಕ್ಟ್ರಿಗೆ ಹೇಳ್ಬೇಕು, ಮೂತ್ರ ಕಂದು ಬಣ್ಣಕ್ಕೆ ತಿರುಗಿದ್ರೆ ಅವತ್ತೇ ಆಸ್ಪತ್ರೆಗೆ. ಎಷ್ಟೋ ಜನ ಈ ನೋವಿಗೆ ಹೆದರಿ ಸ್ಟ್ಯಾಟಿನ್ ಬಿಡ್ತಾರೆ, ಇಲ್ಲಾ ವ್ಯಾಯಾಮ ಬಿಡ್ತಾರೆ, ಒಂದೊಂದ್ಸಲ ಎರಡನ್ನೂ.

ಮಾತ್ರೆಡಬ್ಬಿ:
ನಾನು ನಿಮ್ಮ ಕ್ಷೇತ್ರದವನಲ್ಲ, ಪೇಷಂಟು. ಓದ್ತಾ ಓದ್ತಾ ಬರೀಲೇಬೇಕು ಅನ್ನಿಸ್ತು. ನನಗೆ ಸಕ್ಕರೆ ಕಾಯಿಲೆ, ಮೆಟ್‌ಫಾರ್ಮಿನ್ ಜೊತೆ ಮೇಲೆ ಸರ್ ಹೇಳಿದ್ರಲ್ಲ ಅದೇ ಗ್ಲಿಮಿಪಿರೈಡ್. ಕಾಯಿಲೆ ಗೊತ್ತಾದಾಗಿನಿಂದ ಸಿಕ್ಕೋರೆಲ್ಲಾ ನಡೀರಿ ನಡೀರಿ ಅಂದ್ರು, ಸರಿ ಅಂತ ಬೆಳಗ್ಗೆ ಎದ್ದು ಮಾತ್ರೆ ನುಂಗಿ ತಿಂಡಿ ತಿನ್ನೋ ಮುಂಚೆನೇ ಹೊರಟೆ. ಒಂದಿನ ಅರ್ಧ ದಾರೀಲಿ ಕೈ ನಡುಗೋಕೆ ಶುರುವಾಯ್ತು, ಅಂಗಿ ಎಲ್ಲಾ ಒದ್ದೆ, ಕಣ್ಣು ಮಂಜು, ಅಲ್ಲೇ ಕೂತ್ಬಿಟ್ಟೆ. ಹಾರ್ಟಿಗೆ ಏನೋ ಆಯ್ತು ಅಂದ್ಕೊಂಡೆ. ಅವತ್ತಿಂದ ನಡೆಯೋದು ಬಿಟ್ಟೆ, ಮನೆಯವರೂ ಬೇಡ ಅಂದ್ರು. ಮಾತ್ರೆ ಕೊಡೋ ಕಡೆ ಪ್ರತಿ ಸಲ "ವಾಕಿಂಗ್ ಮಾಡ್ತಿದ್ದೀರಾ?" ಅಂತ ಕೇಳೋರು, ನಾನು ಹೂಂ ಅನ್ನೋದು, ಅಲ್ಲಿಗೆ ಮುಗೀತು. ಯಾಕೆ ಬಿಟ್ರಿ ಅಂತ ಒಬ್ರು ಕೇಳಿದ್ರೂ ಹೇಳ್ತಿದ್ದೆ. ಬಹಳ ದಿನ ಆದ್ಮೇಲೆ ಒಬ್ಬ ಟ್ರೇನಿ ಹುಡುಗಿ "ನಡೆಯುವಾಗ ಯಾವತ್ತಾದ್ರೂ ಹುಷಾರು ತಪ್ಪಿತ್ತಾ?" ಅಂತ ಕೇಳಿದ್ಲು ನೋಡಿ, ಅವತ್ತೇ ಗೊತ್ತಾಗಿದ್ದು ಅದು ಮಾತ್ರೆಯಿಂದ ಶುಗರ್ ಇಳಿದಿದ್ದು, ಸಮಯ ಬದಲಾಯಿಸಿದ್ರೆ ಆಗತ್ತೆ ಅಂತ. ಆ ಮಗು ಡಾಕ್ಟ್ರಿಗೆ ತೋರ್ಸೋಕೆ ಒಂದು ಚೀಟೀನೂ ಬರ್ಕೊಟ್ಲು. ಈಗ ಊಟ ಆದ್ಮೇಲೆ ನಡೀತೀನಿ, ಜೇಬಲ್ಲಿ ಗ್ಲೂಕೋಸ್ ಇರತ್ತೆ, ಏನೂ ತೊಂದ್ರೆ ಇಲ್ಲ.

ಔಷಧಪಾಠ:
ನೀವು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ನಿಮ್ಮ ಅನುಮತಿ ಇದ್ರೆ ಹೆಸರಿಲ್ದೆ ಇದನ್ನೇ ನನ್ನ ಮೊದಲ ಕೇಸ್ ಮಾಡ್ತೀನಿ. "ನಡೀತಿದ್ದೀರಾ?" ಅನ್ನೋದಕ್ಕೆ ಹೂಂ ಅಂದ್ಬಿಡೋದು ಎಷ್ಟು ಸುಲಭ, "ನಡೆಯುವಾಗ ಏನಾಗತ್ತೆ?" ಅಂತ ಕೇಳಿದ್ರೆ ಹೂಂ ಅನ್ನೋಕೆ ಬರಲ್ಲ, ಏನಾದ್ರೂ ಹೇಳ್ಲೇಬೇಕು. ಪಾಠ ಪೂರ್ತಿ ಇಲ್ಲೇ ಇದೆ ಅನ್ನಿಸ್ತಿದೆ.

ಮಾತ್ರೆಡಬ್ಬಿ:
ಧಾರಾಳವಾಗಿ ಬಳಸಿ ಮೇಡಂ. ಬೇಕಿದ್ರೆ ನಾನೇ ಬಂದು ಪೇಷಂಟ್ ಪಾರ್ಟ್ ಮಾಡ್ತೀನಿ.

ಇನ್ನೊಂದ್ಮಾತು:
ಎಲ್ರೂ ಒಂದೇ ಕಡೆ ಮಾತಾಡ್ತಿದ್ದೀರಿ, ನಾನು ಸ್ವಲ್ಪ ಬೇರೆ ಹೇಳ್ತೀನಿ, ಬೇಜಾರಾಗ್ಬೇಡಿ. ಫಾರ್ಮಸಿ ಸಿಲಬಸ್ ಈಗ್ಲೇ ತುಂಬಿ ತುಳುಕ್ತಿದೆ. ಪೋಷಣೆ ಅಂತಾರೆ, ತಂಬಾಕು ಬಿಡಿಸೋದು ಅಂತಾರೆ, ಈಗ ವ್ಯಾಯಾಮ. ಔಷಧಿ ಸರಿಯಾಗಿ ಕೊಟ್ಟು ಅಡ್ಡಪರಿಣಾಮ ನೋಡ್ಕೊಂಡ್ರೆ ಸಾಲ್ದಾ? ಬೇರೆಯವರು ಓದಿರೋದನ್ನೆಲ್ಲಾ ನಾವು ಅರೆಬರೆ ಕಲಿತು ಹೇಳೋದಕ್ಕಿಂತ ಅದು ಮೇಲು.

ರಿಸೆಪ್ಟರ್:
ನಿಮ್ಮ ಆಕ್ಷೇಪಣೆ ಗಂಭೀರವಾದದ್ದೇ, ಆದ್ರೆ ಒಂದು ಪ್ರಯೋಗದ ಫಲಿತಾಂಶ ಹೇಳ್ತೀನಿ. ಅಮೆರಿಕದ ಡಯಾಬಿಟಿಸ್ ಪ್ರಿವೆನ್ಷನ್ ಪ್ರೋಗ್ರಾಂ, 2002ರಲ್ಲಿ ಪ್ರಕಟ ಆಯ್ತು, ಸಕ್ಕರೆ ಕಾಯಿಲೆ ಬರೋ ಅಂಚಲ್ಲಿದ್ದ 3,234 ಜನ. ಮೆಟ್‌ಫಾರ್ಮಿನ್ ಕೊಟ್ಟ ಗುಂಪಲ್ಲಿ ಕಾಯಿಲೆ ಬರೋದು 31% ಕಡಿಮೆ ಆಯ್ತು. ಜೀವನಶೈಲಿ ಬದಲಾಯಿಸಿದ ಗುಂಪಲ್ಲಿ 58%. ಆ ಗುಂಪಿನ ಗುರಿ ವಾರಕ್ಕೆ 150 ನಿಮಿಷ ಚಟುವಟಿಕೆ, ಜೊತೆಗೆ ಆಹಾರ ತಿದ್ದಿ 7% ತೂಕ ಇಳಿಸೋದು. ಅಂದ್ರೆ ಪೂರ್ತಿ ಪುಣ್ಯ ವ್ಯಾಯಾಮಕ್ಕೇ ಕೊಡೋಕಾಗಲ್ಲ, ಅದನ್ನ ವಿದ್ಯಾರ್ಥಿಗಳಿಗೆ ಪ್ರಾಮಾಣಿಕವಾಗಿ ಹೇಳ್ಬೇಕು. ಆದ್ರೂ ನಾವು ಮೆಟ್‌ಫಾರ್ಮಿನ್ ಬಗ್ಗೆ ಗಂಟೆಗಟ್ಟಲೆ ಪಾಠ ಮಾಡಿ, ಅದಕ್ಕಿಂತ ಹೆಚ್ಚು ಫಲ ಕೊಟ್ಟಿದ್ದರ ಬಗ್ಗೆ ಒಂದು ಸಾಲು ಹೇಳಿ ಬಿಡೋದು ಸರಿ ಕಾಣಲ್ಲ. ಬಿಪಿ ಇರೋರು ನಿಯಮಿತವಾಗಿ ವ್ಯಾಯಾಮ ಮಾಡಿದ್ರೆ ಮೇಲಿನ ಸಂಖ್ಯೆ ಸುಮಾರು 5ರಿಂದ 8 ಇಳಿಯತ್ತೆ, ಅದೂ ಕಡಿಮೆ ಏನಲ್ಲ.

ಇದು ಹೊಸ ವಿಷಯನೂ ಅಲ್ಲ. ಲಂಡನ್ನಿನ ಡಬಲ್ ಡೆಕರ್ ಬಸ್ಸಲ್ಲಿ ಇಡೀ ದಿನ ಕೂತು ಓಡಿಸೋ ಡ್ರೈವರ್‌ಗಳಿಗಿಂತ ಮೆಟ್ಟಿಲು ಹತ್ತಿ ಇಳಿಯೋ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ ಅಂತ ಜೆರೆಮಿ ಮಾರಿಸ್ ಅವರ ತಂಡ 1953ರಲ್ಲೇ ತೋರಿಸಿತು. ಇಷ್ಟು ವರ್ಷ ಆದ್ಮೇಲೆ 2022ರ ಲೆಕ್ಕದಲ್ಲಿ ಜಗತ್ತಿನ ವಯಸ್ಕರಲ್ಲಿ ಸುಮಾರು 31%, ಅಂದ್ರೆ 180 ಕೋಟಿ ಜನ, ಸಾಕಷ್ಟು ಚಟುವಟಿಕೆ ಇಲ್ದೆ ಇದ್ದಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ.

ಕೌಂಟರ್‌ಹಿಂದೆ:
@ಇನ್ನೊಂದ್ಮಾತು, ನೀವೇ ಹೇಳಿದ್ರಲ್ಲ ಅಡ್ಡಪರಿಣಾಮ ನೋಡ್ಕೊಳ್ಳೋದು ನಮ್ಮ ಕೆಲಸ ಅಂತ. ಮೇಲೆ ಆ ಪೇಷಂಟ್ ಸರ್‌ಗೆ ದಾರೀಲಿ ಆಗಿದ್ದು ಮಾತ್ರೆ ಅಡ್ಡಪರಿಣಾಮನೇ, ವ್ಯಾಯಾಮದ ವಿಷಯ ಕೇಳದೆ ಅದು ನಮ್ಮ ಕಣ್ಣಿಗೆ ಬೀಳ್ತಿತ್ತಾ?

ಇನ್ನೊಂದ್ಮಾತು:
ಅದು ಒಪ್ಪೋ ಮಾತು ಸರ್. ಔಷಧಿಗೆ ಅಂಟ್ಕೊಂಡು ಕಲಿಸೋದಾದ್ರೆ ನನ್ನ ವಿರೋಧ ಇಲ್ಲ. ಬೇರೆ ಪೇಪರ್, ಬೇರೆ ಪರೀಕ್ಷೆ ಅಂತ ಮಾಡಿದ್ರೆ ಮಾತ್ರ ಈಗ್ಲೂ ವಿರೋಧನೇ.

ಔಷಧಪಾಠ:
ಬೇರೆ ಪೇಪರ್ ಖಂಡಿತ ಬೇಡ. ಹೈಪರ್‌ಟೆನ್ಷನ್ ಪಾಠ ಮುಗಿದ ವಾರ ಬೀಟಾ ಬ್ಲಾಕರ್ ತಗೊಳ್ಳೋ ಪೇಷಂಟ್ ಜೊತೆ ಮಾತು, ಡಯಾಬಿಟಿಸ್ ಮುಗಿದ ವಾರ ಅದು, ಆಸ್ತಮಾಗೆ ಅದು, ಹೀಗೆ. ಒಂದ್ಸಲ ಮಾಡಿ ಬಿಡೋದ್ರಿಂದ ಏನೂ ಬರಲ್ಲ, ಈಜು ಕಲಿತ ಹಾಗೆ, ನೀರಿಗೆ ಮತ್ತೆ ಮತ್ತೆ ಇಳೀಬೇಕು.

ಒಂದು ಮಾದರಿ ಸಂಭಾಷಣೆ ಬರೆದಿದೀನಿ, ನೋಡಿ ಹೇಳಿ. ಪೇಷಂಟ್ ಪಾತ್ರದವರಿಗೆ ಮೊದಲೇ ಹೇಳಿರ್ತೀವಿ, ಕೇಳಿದ್ರೆ ಮಾತ್ರ ಹೇಳಿ, ಕೇಳ್ದಿದ್ರೆ ಬಾಯಿ ಬಿಡ್ಬೇಡಿ ಅಂತ.

"ಸರ್, ಈ ಶುಗರ್ ಮಾತ್ರೆಗೂ ನಡಿಗೆಗೂ ಸಂಬಂಧ ಇದೆ, ಒಂದೆರಡು ನಿಮಿಷ ಮಾತಾಡ್ಬಹುದಾ?"
"ಹೇಳಮ್ಮ."
"ವಾರದಲ್ಲಿ ಎಷ್ಟು ದಿನ ನಡೀತೀರಿ?"
"ಎಲ್ಲಿ, ಆಗಲ್ಲ ಈಗ."
"ಮುಂಚೆ ಆಗ್ತಿತ್ತಾ?"
"ಹೂಂ, ಮುಂಚೆ ಹೋಗ್ತಿದ್ದೆ."
"ಏನಾಯ್ತು ಸರ್ ಆಮೇಲೆ?"
(ಇಲ್ಲಿ ವಿದ್ಯಾರ್ಥಿ ಸುಮ್ನೆ ಕಾಯ್ಬೇಕು)
"ಒಂದಿನ ತಲೆ ಸುತ್ತು ಬಂತು. ಭಯ ಆಯ್ತು."
"ಅದು ಬೆಳಗ್ಗೆನಾ? ಏನಾದ್ರೂ ತಿಂದಿದ್ರಾ? ಮಾತ್ರೆ ತಗೊಂಡಿದ್ರಾ? ಆಗ ಎದೆ ನೋವು ಏನಾದ್ರೂ?"

ಅಲ್ಲಿಂದ ಮುಂದೆ ಔಷಧಿ ವಿವರ, ಡಾಕ್ಟ್ರಿಗೆ ತಿಳಿಸೋದು, ಊಟ ಆದ್ಮೇಲೆ ಹತ್ತು ನಿಮಿಷದಿಂದ ಶುರು ಮಾಡೋ ಒಪ್ಪಂದ. ಕಾಯೋ ಆ ಜಾಗದಲ್ಲೇ ನಮ್ಮ ಹುಡುಗ್ರು ಎಡವ್ತಾರೆ. ಎದುರಿನವರು ಒಂದು ಕ್ಷಣ ಸುಮ್ನಿದ್ರೆ ಸಾಕು, ಇವರು ಮಾಹಿತಿ ಸುರಿಯೋಕೆ ಶುರು.

ಕೊನೇವರ್ಷ:
ಓದುವಾಗ್ಲೇ ಗೊತ್ತಾಯ್ತು ಮೇಡಂ, ನಾನಾಗಿದ್ರೆ "ಆಗಲ್ಲ ಈಗ" ಅಂದ ತಕ್ಷಣ "ಆಗಲ್ಲ ಅನ್ಬಾರದು ಸರ್, ಪ್ರಯತ್ನ ಮಾಡಿ" ಅಂತಿದ್ದೆ.

ಒಂದು ಅನುಮಾನ. ಮೋಟಿವೇಷನಲ್ ಇಂಟರ್ವ್ಯೂಯಿಂಗ್ ಅಂತ ಕಲಿತ್ವಿ, ಬದಲಾಗೋ ಕಾರಣ ಪೇಷಂಟ್ ಬಾಯಿಂದಲೇ ಬರೋ ಹಾಗೆ ಮಾತಾಡೋ ವಿಧಾನ, ಅದರಲ್ಲಿ 0ರಿಂದ 10ರ ವರೆಗೆ ನಿಮಗೆ ಎಷ್ಟು ವಿಶ್ವಾಸ ಇದೆ ಅಂತ ಕೇಳೋದು ಬರತ್ತೆ. ಪೇಷಂಟ್ 4 ಅಂದ್ರೆ ಮುಂದೇನು ಕೇಳ್ಬೇಕು ಅಂತ ನಮಗ್ಯಾರಿಗೂ ಗೊತ್ತಿಲ್ಲ, "ಓಕೆ ಸರ್" ಅಂದು ಬರ್ಕೊಳ್ತೀವಿ.

ಹೊಸಮೇಷ್ಟ್ರು:
ನಾನು ಕಮ್ಯುನಿಕೇಷನ್ ಸ್ಕಿಲ್ಸ್ ತಗೊಳ್ತೀನಿ. 4 ಅಂದ್ರೆ "ಯಾಕೆ 8 ಅಲ್ಲ?" ಅಂತ ಕೇಳ್ಬಾರದು, ಕೇಳಿದ್ರೆ ಆಗದೇ ಇರೋ ಕಾರಣಗಳನ್ನೇ ಹೇಳ್ತಾರೆ. "2 ಅನ್ನದೆ 4 ಅಂದ್ರಲ್ಲ, ಯಾಕೆ?" ಅಂತ ಕೇಳಿ. ಆಗ ಅವರ ಬಾಯಿಂದಲೇ "ಇಲ್ಲಮ್ಮ, ಮುಂಚೆ ಮಾಡ್ತಿದ್ದೆ, ಮನೇಲಿ ಜೊತೆಗೆ ಬರೋರು ಇದ್ದಾರೆ" ಅಂತ ಬರತ್ತೆ. ಆಮೇಲೆ "5 ಆಗ್ಬೇಕಾದ್ರೆ ಏನು ಬೇಕು?" ವಿಲಿಯಂ ಮಿಲ್ಲರ್ 1983ರಲ್ಲಿ ಈ ವಿಧಾನದ ಬಗ್ಗೆ ಮೊದಲು ಬರೆದಿದ್ದು ಕುಡಿತದ ಸಮಸ್ಯೆ ಇರೋರ ಜೊತೆ ಮಾಡಿದ ಕೆಲಸದಿಂದ. ಬದಲಾಗ್ಬೇಕು ಅನ್ನೋ ಕಾರಣ ನಾವು ಹೇಳಿದಷ್ಟೂ ಎದುರಿನವರು ಬೇಡ ಅನ್ನೋ ಕಾರಣ ಹುಡುಕ್ತಾರೆ, ಅದೇ ಅದರ ತಿರುಳು.

ನಿನ್ನ ಇನ್ನೊಂದು ಮುಜುಗರದ ಬಗ್ಗೆನೂ ಹೇಳ್ತೀನಿ, ಮೇಲೆ ಬರೆದಿದ್ಯಲ್ಲ. ತೂಕದ ಮಾತೇ ತೆಗೀಬೇಡ. ಮಾತ್ರೆಯಿಂದ ಶುರು ಮಾಡಿದ್ರೆ ಅವರ ಮೈಕಟ್ಟಿನ ವಿಷಯ ಬರೋದೇ ಇಲ್ಲ. ತೂಕ ಒಂದು ಚೂರೂ ಇಳೀದಿದ್ರೂ ನಡಿಗೆಯಿಂದ ಬಿಪಿ, ಶುಗರ್, ನಿದ್ದೆ, ಮನಸ್ಸು ಎಲ್ಲದಕ್ಕೂ ಲಾಭ ಇದೆ, ಅದನ್ನ ಹೇಳು. ಮೊದಲು ಅನುಮತಿ ಕೇಳು. "ಮಾತಾಡ್ಬಹುದಾ?" ಅಂತ ಕೇಳಿ ಶುರು ಮಾಡಿದ್ರೆ ಚಿಕ್ಕೋಳು ದೊಡ್ಡೋರಿಗೆ ಬುದ್ಧಿ ಹೇಳಿದ ಹಾಗೆ ಕಾಣಲ್ಲ.

ಕೌಂಟರ್‌ಹಿಂದೆ:
ಮಾರ್ಕ್ಸ್ ಹೇಗೆ ಕೊಡ್ತೀರಿ ಅನ್ನೋದ್ರ ಮೇಲೆ ಎಲ್ಲಾ ನಿಂತಿದೆ ಮೇಡಂ. ಆಸ್ಕಿ (OSCE, ವಿದ್ಯಾರ್ಥಿ ಒಂದೊಂದು ಸ್ಟೇಷನ್‌ನಲ್ಲಿ ಒಂದೊಂದು ಕೆಲಸ ಮಾಡಿ ತೋರಿಸೋ ಪ್ರಾಕ್ಟಿಕಲ್ ಪರೀಕ್ಷೆ) ಥರ ಸ್ಟೇಷನ್ ಇಟ್ಟು ಚೆಕ್‌ಲಿಸ್ಟ್ ಕೊಟ್ರೆ, 150 ನಿಮಿಷ ಹೇಳಿದ್ರಾ ಟಿಕ್, ಶೂ ಬಗ್ಗೆ ಹೇಳಿದ್ರಾ ಟಿಕ್, ನೀರು ಕುಡೀರಿ ಅಂದ್ರಾ ಟಿಕ್, ಅಂತ ಆಗತ್ತೆ. ನಮ್ಮಲ್ಲಿ ಟ್ರೇನಿಂಗ್‌ಗೆ ಬರೋ ಹುಡುಗ್ರು ಉಸಿರು ಬಿಡದೆ ಎಲ್ಲಾ ಟಿಕ್ ಹೇಳಿ ಮುಗಿಸ್ತಾರೆ, ಪೇಷಂಟ್ ಒಂದು ಮಾತೂ ಆಡಿರಲ್ಲ, ಆದ್ರೂ ಫುಲ್ ಮಾರ್ಕ್ಸ್. ನನ್ನ ಸಲಹೆ, ಪೇಷಂಟ್ ಪಾತ್ರದವರ ಕೈಗೂ ಮಾರ್ಕ್ಸ್ ಕೊಡಿ. "ನನ್ನ ಮಾತು ಕೇಳಿಸ್ಕೊಂಡ್ರಾ, ಹೊರಗೆ ಹೋಗಿ ನಾನು ಏನು ಮಾಡ್ಬೇಕು ಅಂತ ನನಗೆ ಗೊತ್ತಾಯ್ತಾ" ಇವೆರಡು ಅವರು ಹೇಳ್ಲಿ. ಮುಚ್ಚಿಟ್ಟ ಸಂಗತಿ ಹೊರಗೆ ಬಂತಾ ಇಲ್ವಾ ಅನ್ನೋದಕ್ಕೆ ಅತಿ ಹೆಚ್ಚು ಮಾರ್ಕ್ಸ್ ಇಡಿ. ಅಪಾಯದ ಲಕ್ಷಣ ಕೇಳದೆ ಸಲಹೆ ಕೊಟ್ರೆ ಆ ಸ್ಟೇಷನ್ ಫೇಲ್, ಇದರಲ್ಲಿ ಮಾತ್ರ ಕಟ್ಟುನಿಟ್ಟು ಇರ್ಲಿ.

ಹೊಸಮೇಷ್ಟ್ರು:
ಪೂರ್ತಿ ಒಪ್ಪಿದೆ. ಸ್ಕಾಟ್‌ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ 1975ರಲ್ಲಿ ಆಸ್ಕಿ ಶುರು ಮಾಡಿದ್ದೇ ಪರೀಕ್ಷಕನಿಂದ ಪರೀಕ್ಷಕನಿಗೆ ಬದಲಾಗೋ ಮಾರ್ಕ್ಸ್ ಸರಿ ಮಾಡೋಕೆ, ಅದಕ್ಕೇ ಚೆಕ್‌ಲಿಸ್ಟ್. ಅದನ್ನ ಬಿಡೋಕಾಗಲ್ಲ, ಆದ್ರೆ ಚಿಕ್ಕದಾಗಿರ್ಲಿ. ಇನ್ನೊಂದು, ಒಂದೇ ಪೇಷಂಟ್ ಪಾತ್ರದವರನ್ನ ಕೆಲವು ವಾರ ಬಿಟ್ಟು ಮತ್ತೆ ಅದೇ ವಿದ್ಯಾರ್ಥಿ ಮುಂದೆ ಕೂರ್ಸಿ. ಈ ಸಲ ಅವರು "ಎರಡು ದಿನ ಮಾಡಿದೆ, ಬಿಟ್ಟೆ" ಅಂತ ಹೇಳ್ಲಿ. ಮೊದಲ ಭೇಟಿ ಎಲ್ರೂ ಚೆನ್ನಾಗಿ ಮಾಡ್ತಾರೆ, ನಿಜವಾದ ಕೆಲಸ ಎರಡನೇದು.

ಫಿಸಿಯೋ:
ಪಾಠದ ಸಂಖ್ಯೆಗಳನ್ನೂ ಒಂದ್ಸಲ ನೋಡ್ಕೊಳ್ಳಿ. ಇನ್ನೂ ಎಷ್ಟೋ ಕಡೆ "ಒಂದೇ ಸಲಕ್ಕೆ ಕನಿಷ್ಠ 10 ನಿಮಿಷ ಆದ್ರೆ ಮಾತ್ರ ಲೆಕ್ಕ" ಅಂತ ಹೇಳ್ಕೊಡ್ತಾರೆ, ಅದು ವಿಶ್ವ ಆರೋಗ್ಯ ಸಂಸ್ಥೆಯ 2010ರ ಮಾರ್ಗಸೂಚಿ, 2020ರಲ್ಲಿ ಅದನ್ನ ತೆಗೆದ್ರು. ಈಗ ಎಷ್ಟು ಚಿಕ್ಕ ಹೊತ್ತಾದ್ರೂ ಲೆಕ್ಕಕ್ಕೆ ಬರತ್ತೆ. ವಯಸ್ಕರಿಗೆ ಮಧ್ಯಮ ಆದ್ರೆ ವಾರಕ್ಕೆ 150ರಿಂದ 300 ನಿಮಿಷ, ತೀವ್ರ ಆದ್ರೆ 75ರಿಂದ 150. ಇದರ ಜೊತೆ ವಾರಕ್ಕೆ ಎರಡು ದಿನ ಸ್ನಾಯು ಬಲಪಡಿಸೋ ವ್ಯಾಯಾಮ, ಇದನ್ನ ಮಾತ್ರ ಎಲ್ರೂ ಮರೀತಾರೆ. 65 ದಾಟಿದೋರಿಗೆ ಸಮತೋಲನದ ಅಭ್ಯಾಸ ವಾರಕ್ಕೆ ಮೂರು ದಿನ, ಬೀಳೋದು ತಪ್ಪಿಸೋಕೆ. ರಕ್ತ ತೆಳುಮಾಡೋ ಮಾತ್ರೆ, ನಿದ್ದೆ ಮಾತ್ರೆ ತಗೊಳ್ಳೋ ಹಿರಿಯರಿಗೆ ನೀವು ಈ ಮಾತು ಹೇಳಿದ್ರೆ ಅದೇ ದೊಡ್ಡ ಉಪಕಾರ.

ದಿನಕ್ಕೆ 10,000 ಹೆಜ್ಜೆ ಅನ್ನೋದು ವೈದ್ಯಕೀಯ ಮಿತಿ ಅಂತ ಕಲಿಸ್ಬೇಡಿ, ಅದು 1965ರ ಸುಮಾರಿಗೆ ಜಪಾನಿನಲ್ಲಿ ಹೆಜ್ಜೆ ಎಣಿಸೋ ಯಂತ್ರ ಮಾರೋಕೆ ಇಟ್ಟ ಹೆಸರಿಂದ ಹರಡಿದ್ದು. 3,000 ಹೆಜ್ಜೆ ಇಡೋರು 4,000 ಇಟ್ರೆ ಅದೂ ಲಾಭನೇ.

ಇಂಟರ್ನ್:
ನಮ್ಮ ಕಾಲೇಜಲ್ಲಿ ವಿದ್ಯಾರ್ಥಿಗಳೇ ತಮ್ಮ ಚಟುವಟಿಕೆ ಡೈರಿ ಬರೀಬೇಕು ಅಂತ ಮಾಡಿದ್ರು. ನನಗೆ ಅದರಿಂದ ತುಂಬಾ ಉಪಯೋಗ ಆಯ್ತು, ಪರೀಕ್ಷೆ ವಾರದಲ್ಲಿ ನನ್ನ ನಿಮಿಷ ಹೇಗೆ ಸೊನ್ನೆಗೆ ಇಳಿಯತ್ತೆ ಅಂತ ಕಂಡ್ಮೇಲೆ ಪೇಷಂಟ್ "ಟೈಮ್ ಇಲ್ಲ" ಅಂದ್ರೆ ಅದನ್ನ ನೆಪ ಅಂತ ತಳ್ಳಿಹಾಕೋಕೆ ಮನಸ್ಸು ಬರಲ್ಲ. ಆದ್ರೆ ಅದಕ್ಕೆ ಮಾರ್ಕ್ಸ್ ಇಟ್ಟಿದ್ರು, ಅದು ನನಗೆ ಸರಿ ಅನ್ನಿಸಲಿಲ್ಲ. ನನ್ನ ಗೆಳತಿಗೆ ಸಂಧಿವಾತ ಇದೆ, ಅವಳು ಯಾಕೆ ಎಲ್ರ ಮುಂದೆ ವಿವರಣೆ ಕೊಡ್ಬೇಕು?

ಔಷಧಪಾಠ:
ಡೈರಿ ಇರ್ಲಿ, ಮಾರ್ಕ್ಸ್ ಬೇಡ, ಯಾರಿಗೂ ತೋರಿಸೋ ಹಾಗಿಲ್ಲ. ವ್ಹೀಲ್‌ಚೇರ್ ಬಳಸೋ ಪೇಷಂಟ್ ಕೇಸ್ ಒಂದನ್ನೂ ಸೇರಿಸ್ತೀನಿ, ಇಲ್ಲಾಂದ್ರೆ ನಮ್ಮ ಹುಡುಗ್ರ ಬಾಯಲ್ಲಿ ವ್ಯಾಯಾಮ ಅಂದ್ರೆ ವಾಕಿಂಗ್ ಒಂದೇ ಆಗಿಬಿಡತ್ತೆ.

ಕೌಂಟರ್ ಸರ್, ನೀವು ಹೇಳಿದ ಮೂರು ನಿಮಿಷದ ಮಿತಿ ಇಟ್ಟೇ ಸ್ಟೇಷನ್ ಮಾಡ್ತೀನಿ. ಫಿಸಿಯೋ ಸರ್, ಅಪಾಯದ ಲಕ್ಷಣಗಳ ಕಾರ್ಡ್ ಕರಡು ಮಾಡಿ ಕಳಿಸ್ತೀನಿ, ಸ್ವಲ್ಪ ತಿದ್ದಿಕೊಡ್ತೀರಾ?

ಫಿಸಿಯೋ:
ಕಳಿಸಿ ಮೇಡಂ. ಕಾಲು ನೋಡ್ಕೊಳ್ಳೋದನ್ನೂ ಕಾರ್ಡಲ್ಲಿ ಹಾಕಿ, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆ ಆಗಿರೋರಿಗೆ ಶೂ ಕಚ್ಚಿದ್ದೂ ಗೊತ್ತಾಗಲ್ಲ, ನಡೆದು ಬಂದ್ಮೇಲೆ ಪಾದ ತಿರುಗಿಸಿ ನೋಡ್ಕೊಳ್ಳಿ ಅಂತ ಹೇಳ್ಬೇಕು. ಗಾಯ ಆಗ್ಲೇ ಇದ್ರೆ ನಡಿಗೆ ಬೇಡ, ಕೂತು ಮಾಡೋದು ಏನಿದೆ ಅಂತ ನಮ್ಮನ್ನ ಕೇಳ್ಲಿ.

ರಿಸೆಪ್ಟರ್:
ಕಾರ್ಡಿನ ಹಿಂಭಾಗಕ್ಕೆ ಔಷಧಿಗಳ ಪಟ್ಟಿ ನಾನು ಮಾಡ್ಕೊಡ್ತೀನಿ. ಹೃದಯದ ಎದೆ ನೋವಿಗೆ ಕೊಡೋ ನೈಟ್ರೇಟ್ ಬಗ್ಗೆ ಮೇಲೆ ಬರೆಯೋಕೆ ಮರೆತಿದ್ದೆ, ನಾಲಿಗೆ ಕೆಳಗಿಡೋ ಮಾತ್ರೆ ಇರೋರು ನಡೆಯೋಕೆ ಹೋಗುವಾಗ ಅದನ್ನ ಜೊತೆಗೇ ಇಟ್ಕೋಬೇಕು, ಡಬ್ಬಿ ತೆಗೆದ ದಿನಾಂಕ ನೋಡ್ಕೋಬೇಕು, ತಗೊಂಡ್ರೆ ಕೂತು ತಗೋಬೇಕು.

ಮಾತ್ರೆಡಬ್ಬಿ:
ಮೇಡಂ, ಪಾರ್ಟ್ ಮಾಡೋಕೆ ಯಾವ ದಿನ ಬರ್ಬೇಕು ಅಂತ ತಿಳಿಸಿ. ಕೇಳಿದ್ರೆ ಮಾತ್ರ ಬಾಯಿ ಬಿಡ್ತೀನಿ.